ಐತವಾರದ ಚೈನು

ಹಳೆಯ ಧೋತರ ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅಂಚಿಗೆ ಒಂದು ಕಚ್ಚು ಹಾಕಿ, ಪರ್ರನೆ ಉದ್ದಕ್ಕೆ ಹರಿದು, ಗೇಣಗಲದ ಪಟ್ಟಿಗಳನ್ನು ಮಾಡಿ, ಸುರುಳಿ ಸುತ್ತಿ ಇಟ್ಟುಬಿಡುತ್ತೇನೆ. ಮೊದಲು ಹಲ್ಲಿನಿಂದ ಕಚ್ಚು ಹಾಕುತ್ತಿದ್ದೆ. ಈಗ ಎಪ್ಪತ್ತು ದಾಟಿದೆ, ಹಲ್ಲಿಲ್ಲ, ಅದಕ್ಕೆ ಕತ್ತರಿ. ಆದೋನಿಯ ನನ್ನ ಮಗಳ ಮನೆಯ ಮಾಡದಲ್ಲಿ ಇಂಥ ಸುರುಳಿಗಳು ಒಂದು ಡಬ್ಬಿ ತುಂಬ ಕೂತಿವೆ. "ಯಾರಿಗೆ ಏನು ಗಾಯ ಆಗೈತಿ ಅಂತ ಇಷ್ಟು ಪಟ್ಟಿ ಮಾಡಿಟ್ಟೀಯಪ್ಪಾ?" ಎಂದು ಮಗಳು ಕೇಳುತ್ತಾಳೆ. ಅವು ಗಾಯಕ್ಕೆ ಕಟ್ಟುವ ಪಟ್ಟಿಗಳಲ್ಲ, ಮೋಟಾರ್ ಸೈಕಲ್ಲಿನ ಚೈನು ಒರೆಸುವ ಅರಿವೆ. ಮೋಟಾರ್ ಸೈಕಲ್ಲು ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಅದು ನನ್ನ ಕೈಬಿಟ್ಟು ಮೂವತ್ತು ವರ್ಷಗಳ ಮೇಲಾಯಿತು. ಬಂಡಿ ಹೋಯಿತು, ಚೈನು ಹೋಯಿತು, ಒರೆಸುವ ಚಟವೊಂದು ಉಳಿದುಕೊಂಡಿತು.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಆಗ ಆದೋನಿ, ಆಲೂರು ಎಲ್ಲ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಾರ್ಖಾನೆಯಲ್ಲಿ ಉರ್ದು, ಬೈಯುವಾಗ ಮೂರೂ. ನಾನು ಆಲೂರಿನವನು. ಇಪ್ಪತ್ತಾರು ವಯಸ್ಸಿಗೆ ಆದೋನಿಯ ಒಂದು ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬೇರ್ಪಡಿಸುವ ಕಾರ್ಖಾನೆಯಲ್ಲಿ, ಸೆಲೆಕ್ಟರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಹಳ್ಳಿಗಳಿಗೆ ಹೋಗಿ, ರೈತರು ಹಾಕಿದ ಹತ್ತಿಯ ರಾಶಿಯೊಳಗೆ ಮೊಳಕೈತನಕ ಕೈಯಿಟ್ಟು, ಒಂದು ಚಿಟಿಕೆ ತೆಗೆದು, ಎರಡು ಹೆಬ್ಬೆರಳುಗಳ ನಡುವೆ ಮೆಲ್ಲಗೆ ಎಳೆದು, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ನೋಡಿ ಬಂದು ಹೇಳುವುದು. ರೈತ ನನ್ನ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದ. ನಾನು ಏನೂ ಹೇಳುತ್ತಿರಲಿಲ್ಲ. ಹೇಳಬೇಕಾದಾಗ ಸುಮ್ಮನಿರುವುದರಲ್ಲಿ ನಾನು ಮೊದಲಿನಿಂದಲೂ ಪಳಗಿದವನು. ಈ ಮಾತು ಹೆಮ್ಮೆಯಿಂದ ಹೇಳುತ್ತಿಲ್ಲ.

ಮೊದಮೊದಲು ಎತ್ತಿನ ಬಂಡಿಯಲ್ಲಿ ತಿರುಗುತ್ತಿದ್ದೆ. ಕೋಸಿಗಿ ಕಡೆ ಹೋದರೆ ತಿರುಗಿ ಬರುವುದಕ್ಕೆ ಮೂರು ನಾಲ್ಕು ದಿನ. ಆಮೇಲೆ ಜಿನ್ನಿನ ಬಿಳಿ ಮ್ಯಾನೇಜರ್ ಯುದ್ಧಕ್ಕೆ ಹೊರಟ. ಅವನು ಬಿಟ್ಟುಹೋದ ಮೋಟಾರ್ ಸೈಕಲ್ಲು ನನ್ನ ಪಾಲಿಗೆ ಬಂತು. "ಪೆಟ್ರೋಲ್ ಕೂಪನ್ ಇದ್ದಷ್ಟು ದಿನ ಇದರ ಮ್ಯಾಲೆ ಹೋಗ್ರಿ, ತೀರಿದ ದಿನ ಮತ್ತ ಎತ್ತು ಇದ್ದೇ ಅದಾವು" ಎಂದರು ಹೆಡ್ ಗುಮಾಸ್ತರು. ನನಗೆ ಸಾದಾ ಸೈಕಲ್ಲೇ ಸರಿಯಾಗಿ ಬರುತ್ತಿರಲಿಲ್ಲ. ಜಿನ್ನಿನ ಅಂಗಳದಲ್ಲಿ ಮೊದಲ ದಿನ ಸುತ್ತು ಹೊಡೆದೆ. ನಿಲ್ಲಿಸುವುದು ತಿಳಿಯದೆ ಬಂಡಿಸಮೇತ ಹತ್ತಿಯ ರಾಶಿಯೊಳಗೆ ಹೊಕ್ಕೆ. ಮೆತ್ತಗಿತ್ತು. ಮುಂದಿನ ಎರಡು ದಿನ ಬೇಕೆಂದೇ ಅಲ್ಲಿಯೇ ನಿಲ್ಲಿಸಿದೆ.

ನನ್ನನ್ನು ರಾಶಿಯಿಂದ ಎಳೆದು ತೆಗೆದವನು ಜಿನ್ನಿನ ಫಿಟ್ಟರ್ ಹುಸೇನ್ ಸಾಬ. ಐವತ್ತರ ಮನುಷ್ಯ. ಹಿಂದಿನ ಯುದ್ಧದಲ್ಲಿ ಬಸ್ರಾದ ಕಡೆ ಹೋಗಿ ಪಲ್ಟನ್ನಿನ ಲಾರಿಗಳನ್ನು ರಿಪೇರಿ ಮಾಡಿ ಬಂದವನು. ಆ ಮರುಭೂಮಿಯಲ್ಲಿ ಕಲಿತದ್ದನ್ನೆಲ್ಲ ಈ ಎರೆಭೂಮಿಯಲ್ಲಿ ನನಗೆ ಹೇಳಿಕೊಟ್ಟ.

"ದೇಖೋ ಸಾಬ್, ಇಂಜನ್ನು ತಾನೇ ಕೂಗಿ ಹೇಳತೈತಿ, ನಂಗ ಬ್ಯಾನಿ ಆಗೈತಿ ಅಂತ. ಚೈನು ಹೇಳಾಂಗಿಲ್ಲ. ಅದು ಮೂಕ ಜೀವ. ಅದನ್ನ ನಾವೇ ಕೇಳಬೇಕು."

ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಆ ಚೈನನ್ನು ತೊಳೆಯುವ ಕ್ರಮ ಹೀಗಿತ್ತು. ಚೈನಿನ ಎರಡು ತುದಿಗಳನ್ನು ಒಂದು ಕೊಂಡಿ ಕೂಡಿಸಿರುತ್ತದೆ. ಆ ಕೊಂಡಿ ಜಾರದ ಹಾಗೆ ಮೇಲೊಂದು ಸಣ್ಣ ಕ್ಲಿಪ್ಪು, ಮೀನಿನ ಆಕಾರದ್ದು. ಮೀನಿನ ತಲೆ ಚೈನು ಓಡುವ ದಿಕ್ಕಿಗೇ ಇರಬೇಕು, ಬಾಲ ಹಿಂದೆ. ಕ್ಲಿಪ್ಪನ್ನು ಮೀಟಿ ತೆಗೆದು, ಚೈನನ್ನು ಕಳಚಿ, ತಟ್ಟೆಯಲ್ಲಿ ಸೀಮೆಎಣ್ಣೆ ಹಾಕಿ ಮುಳುಗಿಸಬೇಕು. ಗಟ್ಟಿ ಕೂದಲಿನ ಬ್ರಷ್ಷಿನಿಂದ ಒಂದೊಂದೇ ಮಣಿ ತಿಕ್ಕಬೇಕು. ಯುದ್ಧಕಾಲದಲ್ಲಿ ಸೀಮೆಎಣ್ಣೆ ತೀರ್ಥದ ಹಾಗೆ ಸಿಗುತ್ತಿತ್ತು. ಅದಕ್ಕೆ ತೊಳೆದ ಎಣ್ಣೆಯನ್ನು ಚೆಲ್ಲದೆ ಸೀಸೆಯಲ್ಲಿಟ್ಟು, ಕಸ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮತ್ತೆ ಬಸಿದುಕೊಳ್ಳುವುದು. ಚೈನು ಒಣಗಿದ ಮೇಲೆ ಬಿಸಿ ಎಣ್ಣೆಯಲ್ಲಿ ಅದ್ದಿಡಬೇಕು, ಆಮೇಲೆ ಮೊಳೆಗೆ ತೂಗುಹಾಕಿ ಇಳಿಯಬಿಡಬೇಕು. ಕೊನೆಯದು ಒರೆಸುವುದು. ಎಲ್ಲರೂ ತಪ್ಪುವುದು ಇಲ್ಲಿಯೇ ಎನ್ನುತ್ತಿದ್ದ ಹುಸೇನ್ ಸಾಬ.

"ಎಣ್ಣಿ ಒಳಗಿರಬೇಕು ಸಾಬ್, ಹೊರಗ ಕಾಣಬಾರದು. ಹೊರಗ ಕಂಡ್ರ ಧೂಳಿಗೆ ದಾವತ್ತು ಕೊಟ್ಟಂಗ. ಆ ಧೂಳು ಎಣ್ಣಿ ಕುಡದು, ಅರಾ ಹಾಕಿದಂಗ ಚೈನನ್ನ ತಿಂತೈತಿ."

ಬಸ್ರಾದಲ್ಲಿ ಅವರು ಅದ್ದುತ್ತಿದ್ದುದು ಕರಗಿಸಿದ ದನದ ಕೊಬ್ಬಿನಲ್ಲಂತೆ, ಗ್ರಾಫೈಟಿನ ಕರಿಪುಡಿ ಕಲಸಿ. ಅದರಷ್ಟು ಒಳ್ಳೆಯದು ಬೇರೆ ಇಲ್ಲ ಎಂದ. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಕೊಬ್ಬು ಎಂದ ಕೂಡಲೆ ಮುಖ ಹುಳ್ಳಗೆ ಮಾಡಿದೆ. ಅವನು ನಕ್ಕುಬಿಟ್ಟ. "ಬಿಡ್ರಿ. ನಿಮ್ಮ ಚೈನನ್ನೂ ಶಾಕಾಹಾರಿ ಮಾಡೋಣ. ಔಡಲೆಣ್ಣಿ ನಡೀತೈತಿ. ಆದ್ರ ಅದು ಜಿಗಟಾಗತೈತಿ, ತಿಂಗಳಿಗೊಮ್ಮೆ ತೊಳೀಬೇಕು." ಕರಿಪುಡಿಯನ್ನು ಒಂದು ಡಬ್ಬಿಯಲ್ಲಿ ತಾನೇ ತಂದುಕೊಟ್ಟ.

ನಾನಿದ್ದದ್ದು ಸಂಗಮ್ಮ ಎಂಬ ವಯಸ್ಸಾದ ವಿಧವೆಯ ಮನೆಯ ಹೊರಕೋಣೆಯಲ್ಲಿ. ಬಾಗಿಲು ತೆರೆದರೆ ಎದುರಿಗೆ ಕೋಟೆಗುಡ್ಡ, ಬಂಡೆಯ ಮೇಲೆ ಬಂಡೆ. ಒಂಟಿಯಾಗಿದ್ದವನಿಗೆ ಅವು ಬಹಳ ಹೊತ್ತು ನೋಡುವ ಗುಡ್ಡಗಳಲ್ಲ. ಎಲ್ಲ ಬಂಡೆಗಳೂ ಜೋಡಿಜೋಡಿಯಾಗಿ ಒರಗಿಕೊಂಡಿರುತ್ತವೆ. ಐತವಾರ ಬೆಳಿಗ್ಗೆ ಬಾಗಿಲ ಮುಂದೆ ಗೋಣಿಚೀಲ ಹಾಸಿ, ಇದ್ದಿಲೊಲೆಯ ಮೇಲೆ ಔಡಲೆಣ್ಣೆ, ಹೊಟ್ಟೆ ತೊಳೆಯಲು ಕುಡಿಯುವ ಅದೇ ಹರಳೆಣ್ಣೆ, ಕಾಯಲಿಟ್ಟು, ಚೈನು ಬಿಚ್ಚಿಕೊಂಡು ಕೂರುತ್ತಿದ್ದೆ. ಮೊದಲನೆಯ ವಾರ ಸಂಗಮ್ಮ ಒಳಗಿನಿಂದಲೇ ಕೂಗಿದಳು.

"ಬಸಪ್ಪಾ, ಔಡಲೆಣ್ಣಿ ವಾಸನಿ ಬರಾಕತ್ತೈತಿ. ಹೊಟ್ಟಿ ಕಟ್ಟೈತೇನೋ ನಮ್ಮಪ್ಪಾ?"

ಅಲ್ಲಮ್ಮಾ, ಇದು ಬಂಡಿಗೆ ಎಂದು ಹೇಳಬೇಕಿತ್ತು. ಬಾಯಲ್ಲಿ ಚೈನು ಒರೆಸುವ ಅರಿವೆ ಕಚ್ಚಿ ಹಿಡಿದಿದ್ದೆ, ಹೂಂಗುಟ್ಟಿದೆ. ಮಧ್ಯಾಹ್ನ ಒಂದು ಬಟ್ಟಲು ಗಂಜಿ ಬಂತು, ಉಪ್ಪು ಹಾಕಿದ್ದು, ಮೆಣಸಿನಕಾಯಿ ಇಲ್ಲದ್ದು. ಮುಂದಿನ ಐತವಾರವೂ ವಾಸನೆ ಎದ್ದಿತು, ಗಂಜಿ ಬಂತು. ಮೂರನೆಯ ವಾರಕ್ಕೆ ನಿಜ ಹೇಳುವುದಕ್ಕೆ ನಾಚಿಕೆಯಾಯಿತು. ಎರಡು ವಾರ ಮೋಸ ಮಾಡಿದ ಹಾಗಾಗುತ್ತದಲ್ಲ! ಹೀಗೆ ಒಂದು ವರ್ಷದ ಮೇಲೆ, ಗುಂಡುಕಲ್ಲಿನಂತಿದ್ದ ನಾನು, ಪ್ರತಿ ಐತವಾರ ರೋಗಿಯ ಗಂಜಿ ಕುಡಿದೆ. "ಇಷ್ಟು ಸಣ್ಣ ವಯಸ್ಸಿಗೆ ಆ ಹುಡುಗನ ಹೊಟ್ಟಿ ಕೆಟ್ಟೈತಿ" ಎಂದು ಸಂಗಮ್ಮ ಓಣಿಯಲ್ಲೆಲ್ಲ ಮರುಗಿದಳು. ಓಣಿಯವರು ನನಗೆ ಜೀರಿಗೆ ಕಷಾಯದ ಗುಣಗಳನ್ನು ಹೇಳತೊಡಗಿದರು.

ಚೈನು ತಿಂಗಳಿಗೊಮ್ಮೆ ತೊಳೆದರೆ ಸಾಕು ಎಂದು ಹುಸೇನ್ ಸಾಬ ಹೇಳಿದ್ದನಷ್ಟೆ? ನಾನು ವಾರಕ್ಕೊಮ್ಮೆ ತೊಳೆಯುತ್ತಿದ್ದೆ. ಒಂದು ಸಲ ಅವನು ನನ್ನ ಕ್ಲಿಪ್ಪನ್ನು ಬೆರಳ ತುದಿಯಲ್ಲಿಟ್ಟು ನೋಡಿದ. ಅದರ ಹೊಳಪು ಹೋಗಿ, ಬಾಲದ ಎರಡು ಕವಲುಗಳು ಅಗಲವಾಗಿದ್ದವು.

"ವಾರಾ ವಾರಾ ಯಾಕ ಬಿಚ್ಚತೀರಿ ಸಾಬ್? ಇದು ಬಿಚ್ಚಿ ಬಿಚ್ಚಿ ಸಡಲ ಆಗೈತಿ. ಹೊಸಾದು ಸಿಗೋ ಕಾಲ ಅಲ್ಲ ಇದು."

"ಧೂಳು ಭಾಳ ಇರತೈತಿ ಹುಸೇನ್ ಸಾಬ" ಎಂದೆ.

ಅವನು ಕ್ಲಿಪ್ಪನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಮುಖ ನೋಡಿ, ತನ್ನ ಕೆಲಸಕ್ಕೆ ಹೋದ.

ವಾರವಾರ ಯಾಕೆ ಬಿಚ್ಚುತ್ತಿದ್ದೆ ಎಂಬುದನ್ನು ನಿಮಗಾದರೂ ಹೇಳಬೇಕು.

ಮೋಟಾರ್ ಸೈಕಲ್ಲು ಬರುವ ಮೊದಲೇ ನನಗೆ ಮದುವೆಯಾಗಿತ್ತು. ಹೆಂಡತಿ ನಾಗಮ್ಮ, ಮದ್ದಿಕೇರದವಳು. ಎರಡು ವರ್ಷ ನನ್ನ ಜೊತೆ ಆದೋನಿಯಲ್ಲಿದ್ದು, ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಗಂಡುಮಗು ಆಯಿತೆಂದು ಜಿನ್ನಿಗೆ ಸುದ್ದಿ ಬಂದಾಗ ನಾನು ಕೋಸಿಗಿ ಕಡೆ ಎತ್ತಿನ ಬಂಡಿಯಲ್ಲಿದ್ದೆ. ಮಗುವಿಗೆ ಜ್ವರ ಎಂದು ಇನ್ನೊಂದು ಸುದ್ದಿ ಬಂದಾಗಲೂ ಬಂಡಿಯಲ್ಲೇ ಇದ್ದೆ. ಊರಿಗೆ ಬಂದು ಎರಡೂ ಸುದ್ದಿಗಳನ್ನು ಒಟ್ಟಿಗೆ ಕೇಳಿ, ಆಲೂರಿನಿಂದ ಅವ್ವನನ್ನು ಕರೆದುಕೊಂಡು ಮದ್ದಿಕೇರಕ್ಕೆ ಓಡಿದೆ. ನಾವು ಹೋಗುವಷ್ಟರಲ್ಲಿ ಮಗುವನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಎಂಟು ದಿನ ಬದುಕಿದ್ದ ಅವನು. ಹೆಸರಿಡುವ ಶಾಸ್ತ್ರ ಕೂಡ ಆಗಿರಲಿಲ್ಲ.

ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು.  ಆಗ ನಮ್ಮವ್ವ ಅಂದಳು: "ಹೆರಿಗಿ ನಮ್ಮಲ್ಲೇ ಆಗಿದ್ರ ಕೂಸು ಉಳೀತಿತ್ತು. ಇಲ್ಲೆ ಯಾರು ನೋಡಿದ್ರೋ ಏನೋ."

ಮಾವ ತಲೆ ತಗ್ಗಿಸಿದರು. ಬಾಗಿಲ ಮರೆಯಲ್ಲಿದ್ದ ನಾಗಮ್ಮ ನನ್ನನ್ನು ನೋಡಿದಳು. ಅವಳು ಅಳುತ್ತಿರಲಿಲ್ಲ, ಸುಮ್ಮನೆ ನೋಡಿದಳು, ನಾನು ಒಂದು ಮಾತು ಆಡುತ್ತೇನೆಂದು. ನಾನು ಚಾಪೆಯ ಅಂಚಿನ ಒಂದು ಕಡ್ಡಿಯನ್ನು ಕೀಳುತ್ತ ಕೂತೆ. ಅರ್ಧ ಕಡ್ಡಿ ಕಿತ್ತು ಬಂದಿತ್ತು. ತಲೆ ಎತ್ತಿದಾಗ ಬಾಗಿಲಲ್ಲಿ ಅವಳಿರಲಿಲ್ಲ. ಸಂಜೆ ಹೊರಡುವಾಗ ಒಳಗಿನಿಂದ ಮಾತು ಬಂತು: "ನಾ ಬರಾಂಗಿಲ್ಲ." ಅಷ್ಟೇ.

ಆಮೇಲೆ ಮಾವನವರಿಂದ ಕಾರ್ಡು ಬಂತು. 'ಒಂದು ಐತವಾರ ಬಂದು ಹೋಗಿರಿ, ಮಾತಾಡಿದರೆ ಸರಿಹೋದೀತು' ಎಂದು ಬರೆದಿದ್ದರು. ಆ ವಾರವೇ ಜಿನ್ನಿನವರು ನನಗೆ ಮೋಟಾರ್ ಸೈಕಲ್ಲು ಕೊಟ್ಟಿದ್ದರು. ಮದ್ದಿಕೇರ ಈಗ ಮೂರು ತಾಸಿನ ದಾರಿ, ಹೋಗದಿರಲು ಕಾರಣವೇ ಉಳಿದಿರಲಿಲ್ಲ. ಕಾರಣ ಇಲ್ಲದಿದ್ದಾಗ ಮನುಷ್ಯ ಒಂದನ್ನು ಮಾಡಿಕೊಳ್ಳುತ್ತಾನೆ. ಐತವಾರ ಬೆಳಿಗ್ಗೆ ಎದ್ದು ಚೈನು ಬಿಚ್ಚಿ ಸೀಮೆಎಣ್ಣೆಗೆ ಹಾಕಿದೆ. ಹಾಕಿದ ಮೇಲೆ ಕಾರ್ಡು ಬರೆದೆ: 'ಬಂಡಿ ರಿಪೇರಿಯಲ್ಲಿದೆ.' ಸುಳ್ಳೇನಲ್ಲ, ಬಂಡಿ ಬಿಚ್ಚಿ ಬಿದ್ದಿತ್ತು. ಎರಡನೆಯ ಕಾರ್ಡು ಬಂತು, ಮೂರನೆಯದು ಬಂತು. ಐತವಾರ ಬಂದರೆ ಚೈನು ತಟ್ಟೆಯಲ್ಲಿರುತ್ತಿತ್ತು. ಒಂದೊಂದು ಮಣಿಯನ್ನೂ ಬೆರಳಿನಿಂದ ತಿರುಗಿಸಿ ನೋಡಿ, ಒರೆಸಿದ್ದನ್ನೇ ಒರೆಸಿ, ಹೊತ್ತು ನೆತ್ತಿಗೇರಿಸುತ್ತಿದ್ದೆ. ಕಾರ್ಡುಗಳು ನಿಂತುಹೋದವು. ತೊಳೆಯುವುದು ನಿಲ್ಲಲಿಲ್ಲ. ಆ ಕೋಣೆಯಲ್ಲಿ ನನ್ನ ಜೊತೆ ಕುಲುಕುಲು ಸದ್ದು ಮಾಡುವುದೆಂದರೆ ಅದೊಂದೇ.

ಒಂದೂವರೆ ವರ್ಷ ಹೀಗೆ ಹೋಯಿತು. ಮರುಬೇಸಿಗೆ ಹತ್ತಿ ಬಿಡಿಸಿ ಮುಗಿಯುವ ಕಾಲಕ್ಕೆ ಹೆಡ್ ಗುಮಾಸ್ತರು ಮದ್ದಿಕೇರದ ಆಚೆಯ ಒಂದು ಹಳ್ಳಿಯ ಹತ್ತಿ ನೋಡಿ ಬರಲು ಹೇಳಿದರು. ಮದ್ದಿಕೇರದ ನಡುವಿನಿಂದಲೇ ದಾರಿ. ಜೋರಾಗಿ ಓಡಿಸಿದರೆ ಅರ್ಧ ಗಳಿಗೆಯಲ್ಲಿ ಊರು ದಾಟಬಹುದು, ಟೋಪಿಯನ್ನು ಕಣ್ಣಿನತನಕ ಎಳೆದುಕೊಂಡರೆ ಗುರುತೂ ಹತ್ತುವುದಿಲ್ಲ ಎಂದು ಲೆಕ್ಕ ಹಾಕಿಕೊಂಡು ಹೊರಟೆ.

ಆಲೂರು ದಾಟಿದೆ. ಮದ್ದಿಕೇರ ಇನ್ನು ನಾಲ್ಕು ಮೈಲಿ ಇರುವಾಗ ಕೆಳಗೆ ಟಕ್ ಎಂದಿತು. ಇಂಜಿನ್ನು ಹುಚ್ಚು ಹಿಡಿದಂತೆ ಕೂಗಿತು, ಬಂಡಿ ಮಾತ್ರ ಮುಂದೆ ಹೋಗಲಿಲ್ಲ. ತಿರುಗಿ ನೋಡಿದರೆ ಚೈನು ದಾರಿಯ ಮೇಲೆ ಉದ್ದಕ್ಕೆ ಮಲಗಿತ್ತು, ಬಿಸಿಲಿಗೆ ಹೊಳೆಯುತ್ತ. ಅಷ್ಟು ಸ್ವಚ್ಛವಾದ ಚೈನು ಇಡೀ ಜಿಲ್ಲೆಯಲ್ಲಿ ಇನ್ನೊಂದಿದ್ದಿರಲಾರದು. ಕ್ಲಿಪ್ಪು ಹಾರಿಹೋಗಿತ್ತು, ಅದರ ಬೆನ್ನಿಗೆ ಕೊಂಡಿಯೂ. ಆ ಕಪ್ಪು ಮಣ್ಣಿನಲ್ಲಿ ಮೊಳಕಾಲೂರಿ ಹುಡುಕಿದೆ. ಅಷ್ಟು ಚಿಕ್ಕ ಮೀನು ಅಷ್ಟು ದೊಡ್ಡ ಎರೆಹೊಲದಲ್ಲಿ ಸಿಕ್ಕೀತೆ?

ಚೈನನ್ನು ಕೊರಳಿಗೆ ಹಾಕಿಕೊಂಡು ಬಂಡಿ ತಳ್ಳುತ್ತ ಹೊರಟೆ. ಕುರಿ ಕಾಯುತ್ತಿದ್ದ ಮುದುಕನೊಬ್ಬ ದಾರಿಗೆ ಬಂದು ನಿಂತ.

"ಏಮಯ್ಯಾ, ಬಂಡಿ ಸಚ್ಚಿಪೋಯಿಂದಾ?" ಎಂದ. ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದ: "ಸತ್ತೇ ಹೋತೇನು?"

"ಇಲ್ಲಪ್ಪಾ, ಚೈನು ಹರದೈತಿ."

"ತಳ್ಳಿಕೋತ ಹೋಗೋದಾದ್ರ ಇದರಕಿಂತ ಕುರಿ ಚಲೋ. ತಾವೇ ನಡೀತಾವು." ಅಷ್ಟಂದು, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಹಿಂದಿನಿಂದ ತಾನೂ ಕೈ ಕೊಟ್ಟ. ಕುರಿಗಳು ನಮ್ಮ ಹಿಂದೆ ಬಂದವು. "ಮದ್ದಿಕೇರದಾಗ ಯಾರ ಮನೀಗೆ?" ಎಂದು ಕೇಳಿದ.  ಊರು ಕಂಡ ಮೇಲಷ್ಟೇ ಮಾವನವರ ಹೆಸರು ಹೇಳಿದೆ.

"ಓ, ನೀವೇನು ಆ ಅಳಿಯ!" ಎಂದ. ಅವನು 'ಆ' ಎಂದದ್ದರಲ್ಲಿ ನಾನು ತಿಳಿಯಬೇಕಾದದ್ದೆಲ್ಲ ಇತ್ತು.

ಟೋಪಿ ಎಳೆದುಕೊಂಡು ಕ್ಷಣದಲ್ಲಿ ದಾಟಬೇಕೆಂದಿದ್ದ ಊರಿನೊಳಗೆ, ನೆತ್ತಿಯ ಮೇಲೆ ಸೂರ್ಯ, ಕೊರಳಲ್ಲಿ ಚೈನು, ಹಿಂದೆ ಕುರಿಮಂದೆ, ಹೀಗೆ ಕಾಲೆಳೆಯುತ್ತ ಬಂದೆ. ಕಟ್ಟೆಯ ಮೇಲಿದ್ದವರು ಎದ್ದು ನಿಂತು ನೋಡಿದರು. ಮಾವ ಬಾಗಿಲಿಗೆ ಬಂದು, "ಬರ್ರಿ ಅಳಿಯಾರ, ಕಾಲಿಗೆ ನೀರು ತಗೊಳ್ರಿ" ಎಂದರು, ಹೋದ ವಾರವೇ ಬಂದು ಹೋದವನಿಗೆ ಅನ್ನುವ ಹಾಗೆ. ಒಳಗೆ ಹೋಗಿ ಕೂಗಿದರು. ಚೈನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಕಮ್ಮಾರನ ಹತ್ರ ತಂತಿ ಹಾಕಿಸಿಕೊಂಡು ಬರ್ತೀನಿ, ಆದೋನಿತನಕ ನಡೀಲಾಕ ಅಡ್ಡಿಯಿಲ್ಲ" ಎಂದು ತಾವೇ ಹೊರಟುಹೋದರು. ಬುದ್ಧಿವಂತರು ಅವರು.

ನಾಗಮ್ಮ ನೀರಿನ ತಂಬಿಗೆ ತಂದಿಟ್ಟು ಕಂಬಕ್ಕೆ ಒರಗಿ ನಿಂತಳು. ಸೊರಗಿ ಬಡವಾಗಿದ್ದಳು.

"ನೋಡಾಕ ಬಂದೀರೋ, ಬಂಡಿ ಕೆಟ್ಟದ್ದಕ್ಕ ಬಂದೀರೋ?"

ಒಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು. "ಬಂಡಿ ಕೆಟ್ಟದ್ದಕ್ಕ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. "ಐತವಾರ ಏನ್ ಮಾಡ್ತಿದ್ರಿ? ಬಂಡಿ ರಿಪೇರಿ ಅಂತ ಅಪ್ಪಗ ಬರದಿದ್ರಿ."

"ಚೈನು ತೊಳೀತಿದ್ದೆ."

"ವಾರಾ ವಾರಾ?"

"ಹೂಂ."

"ಅದು ಅಷ್ಟು ಹೊಲಸಾಗತೈತೇನ್ರಿ?"

"ಇಲ್ಲ" ಎಂದೆ.

ಅವಳು ನನ್ನ ಕೈಗಳನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಗ್ರಾಫೈಟಿನ ಕಪ್ಪು ಇಳಿದು ಕೂತಿತ್ತು. ಅದು ಯಾವ ಸಬಕಾರಕ್ಕೂ ಹೋಗುತ್ತಿರಲಿಲ್ಲ. ಆಮೇಲೆ ಸೆರಗು ಹೊದ್ದು, "ಏಳ್ರಿ" ಎಂದಳು.

ಹೊಲ ಊರಿನಿಂದ ಅರ್ಧ ಮೈಲಿ. ಹತ್ತಿ ಬಿಡಿಸಿ ಮುಗಿದು ಬರೀ ಕಟ್ಟಿಗೆ ನಿಂತಿತ್ತು. ಅವಳು ಮುಂದೆ, ನಾನು ಹಿಂದೆ. ಬದುವಿನ ಮೂಲೆಯಲ್ಲಿ ಒಂದು ಎಳೆಯ ಬೇವಿನ ಗಿಡ. ಅದರ ಬುಡದಲ್ಲಿ ಅಂಗೈಯಷ್ಟು ಅಗಲದ ಒಂದು ಕಲ್ಲು, ಸುತ್ತ ಜಾಲಿಮುಳ್ಳಿನ ಬೇಲಿ. ಅಂದು ನಾನು ಈ ಊರಿಗೆ ಬಂದು ಹೋದಾಗ ಇಲ್ಲಿಗೆ ಯಾರೂ ನನ್ನನ್ನು ಕರೆತಂದಿರಲಿಲ್ಲ. ನಾನೂ ಎಲ್ಲಿ ಎಂದು ಕೇಳಿರಲಿಲ್ಲ.

"ಇಲ್ಲೆ" ಎಂದಳು ನಾಗಮ್ಮ.

ಬೇಲಿಯ ಒಂದು ಕಡೆ ಮುಳ್ಳು ಸರಿದಿತ್ತು. ಕುರಿ ನುಗ್ಗಿರಬೇಕು. ಅವಳು ಕೂತು ಸರಿಮಾಡತೊಡಗಿದಳು. ನಾನೂ ಕೂತು ಒಂದು ಟೊಂಗೆ ಹಿಡಿದೆ. ಮುಳ್ಳು ಹೆಬ್ಬೆರಳಿಗೆ ನೆಟ್ಟಿತು. ಎಳೆ ಪರೀಕ್ಷಿಸುವ ಬೆರಳು ಅದು. ರಕ್ತ ಬಂದದ್ದನ್ನು ನೋಡಿದ ಅವಳು ಮತ್ತೆ ಬೇಲಿಯ ಕಡೆ ತಿರುಗಿದಳು. ನಾನು ಟೊಂಗೆ ಬಿಡಲಿಲ್ಲ.

"ಅವತ್ತು ಅವ್ವ ಹಂಗಂದಾಗ ನಾ ಮಾತಾಡಬೇಕಿತ್ತು" ಎಂದೆ.

"ಮಾತಾಡಬೇಕಿತ್ತು" ಎಂದಳು. ಹೋಗಲಿ ಬಿಡಿ ಎನ್ನಲಿಲ್ಲ.

ಬೇಲಿ ಮುಗಿಯಿತು. ಎದ್ದು ಹೋಗಿಬಿಡುತ್ತಾಳೆ ಎಂದುಕೊಂಡೆ. ಅವಳು ಕಲ್ಲಿನ ಮೇಲಿನ ಬೇವಿನೆಲೆಗಳನ್ನು ಕೈಯಿಂದ ಸರಿಸುತ್ತ ಕೂತಿದ್ದಳು. ಆಗ ಒಂದೂವರೆ ವರ್ಷದಲ್ಲಿ ಕೇಳದಿದ್ದ ಪ್ರಶ್ನೆಯನ್ನು ಕೇಳಿದೆ.

"ಹೆಂಗಿದ್ದ?"

ಅವಳ ಕೈ ನಿಂತಿತು. ಆಮೇಲೆ ಹೇಳಿದಳು. ಕಿವಿ ನಿಮ್ಮಂಗ, ಹೊರಗ ಚಾಚಿದ್ದು. ತಲೆತುಂಬ ಕೂದಲ. ಎಡಗೈ ಮುಷ್ಟಿ ಬಿಚ್ಚತಿರಲಿಲ್ಲ, ಮಲಗಿದಾಗ ಸುದ್ದಾ. ಹಾಲು ಕುಡಿಯೋವಾಗ ಮೂಗಿನಾಗ ಸಣ್ಣಗ ಸಪ್ಪಳ ಮಾಡತಿದ್ದ, ಬೆಕ್ಕಿನ ಮರಿ ಹಂಗ. ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ನಾನು ಕೇಳುತ್ತ ಕೂತೆ. ಎಂಟು ದಿನದ ಮಗುವಿನ ಬಗ್ಗೆ ಅಷ್ಟು ಹೇಳುವುದು ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಹೆಸರಿಟ್ಟಿದ್ದೆ" ಎಂದಳು ಕೊನೆಗೆ. "ಶಾಸ್ತ್ರ ಆಗಿರಲಿಲ್ಲ. ನಾನೇ, ಒಂದಿನ ಬೆಳಿಗ್ಗೆ, ಕಿವಿಯಾಗ ಹೇಳಿದ್ದೆ. ಯಾರಿಗೂ ಗೊತ್ತಿಲ್ಲ, ಅಪ್ಪಗೂ."

ಬಾಗಿ ನನ್ನ ಕಿವಿಯಲ್ಲಿ ಹೇಳಿದಳು. ಸುತ್ತಲಿನ ಹೊಲಗಳಲ್ಲಿ ಯಾರೂ ಇರಲಿಲ್ಲ, ಆದರೂ ಕಿವಿಯಲ್ಲೇ. "ನೀವೂ ಒಮ್ಮೆ ಅನ್ರಿ" ಎಂದಳು. ಎರಡನೆಯ ಸಲಕ್ಕೆ ಹೆಸರು ಹೊರಗೆ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ. ನೀವು ತಪ್ಪು ತಿಳಿಯಬಾರದು.

ಅವತ್ತು ನಾಗಮ್ಮ ನನ್ನ ಜೊತೆ ಬರಲಿಲ್ಲ. ಕಥೆಗಳಲ್ಲಿ ಬಂದುಬಿಡುತ್ತಾರೆ. ಕಮ್ಮಾರ ತಂತಿ ಬಿಗಿದುಕೊಟ್ಟ ಚೈನಿನಲ್ಲಿ ಒಬ್ಬನೇ ಕಟಕಟ ಎನ್ನುತ್ತ ಆದೋನಿಗೆ ಬಂದೆ. ಮುಂದಿನ ಐತವಾರ ಮದ್ದಿಕೇರಕ್ಕೆ ಹೋದೆ. ಅದರ ಮುಂದಿನ ಐತವಾರವೂ. ಪೆಟ್ರೋಲ್ ಕೂಪನ್ನು ತೀರಿದಾಗ ಶನಿವಾರವೇ ಹೊರಟು, ಸಿಕ್ಕ ಎತ್ತಿನ ಬಂಡಿ ಹಿಡಿದು, ಅದು ಸಿಗದ ಕಡೆ ನಡೆದು. ಐತವಾರ ಔಡಲೆಣ್ಣೆಯ ವಾಸನೆ ನಿಂತದ್ದು ನೋಡಿ, ಬಸಪ್ಪನಿಗೆ ಹೊಟ್ಟೆ ಗುಣವಾಯಿತೆಂದು ಸಂಗಮ್ಮ ದೇವರಿಗೆ ಕಾಯಿ ಒಡೆಸಿದಳು. ನಾಗಮ್ಮ ಬಂದದ್ದು ಮಳೆಗಾಲ ಕಳೆದ ಮೇಲೆ. ಅದಕ್ಕೆ ಮೊದಲು ಒಂದು ದಿನ ನಾನು ಆಲೂರಿಗೆ ಹೋಗಿ ಅವ್ವನ ಮುಂದೆ ಕೂತು, ಅಂದು ಆಡಬೇಕಿದ್ದ ಮಾತನ್ನು ಆಡಿದ್ದೆ. ಅವ್ವ ಮೂರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅವಳೂ ನಾಗಮ್ಮನೂ ಕಡೆತನಕ ಒಬ್ಬರಿಗೊಬ್ಬರು ಬಡಿಸುತ್ತಿದ್ದರು, ಮಾತು ಕಡಿಮೆ.

ನಮಗೆ ಮುಂದೆ ಇಬ್ಬರು ಹೆಣ್ಣುಮಕ್ಕಳಾದರು. ಈಗ ನಾನಿರುವುದು ದೊಡ್ಡವಳ ಮನೆಯಲ್ಲಿ. ಅವರಿಗೆ ನಾವು ಇದನ್ನು ಹೇಳಲಿಲ್ಲ. ಮೊದಲು ಚಿಕ್ಕವರೆಂದು, ಆಮೇಲೆ ಈಗ್ಯಾಕೆಂದು. ಇಬ್ಬರೇ ಇದ್ದಾಗ ನಾಗಮ್ಮನೂ ನಾನೂ ಆ ಹೆಸರನ್ನು ಆಡುತ್ತಿದ್ದೆವು, ಊರಾಚೆ ಇರುವ ಮಗನ ಮಾತು ಆಡುವ ಹಾಗೆ. ಅವನಿಗೆ ಈಗ ಇಪ್ಪತ್ತು ಎನ್ನುತ್ತಿದ್ದಳು. ಅವನಿಗೆ ಈಗ ಮೂವತ್ತು. ಕಿವಿ ನನ್ನ ಹಾಗೇ ಉಳಿದಿದ್ದರೆ ಹೆಣ್ಣು ಸಿಗುವುದು ಕಷ್ಟವಿತ್ತು ಎಂದು ನಾನು ಅಂದರೆ ನಗುತ್ತಿದ್ದಳು. ಮದ್ದಿಕೇರದ ಹೊಲ ಕೈ ಬದಲಾಗಿ ಬೇವಿನ ಗಿಡವೂ ಕಲ್ಲೂ ಹೋದವು. ಮೂರು ವರ್ಷದ ಹಿಂದೆ ನಾಗಮ್ಮನೂ ಹೋದಳು.

ಅಂದಿನಿಂದ ಆ ಹೆಸರನ್ನು ಆಡುವುದಕ್ಕೆ ಜೊತೆಯಿಲ್ಲ. ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಹೋದ ತಿಂಗಳು ಒಂದು ಬೆಳಿಗ್ಗೆ ಎದ್ದು ಅಂದುಕೊಳ್ಳಲು ಹೋದರೆ ಹೆಸರು ಬರಲಿಲ್ಲ. ವಯಸ್ಸಾದವರಿಗೆ ಇದು ಆಗುತ್ತದೆ. ಕನ್ನಡಕ ಎಲ್ಲಿಟ್ಟೆ ಎಂಬುದು ಮರೆಯುತ್ತದೆ, ಎದುರುಮನೆಯವನ ಹೆಸರು ಮರೆಯುತ್ತದೆ. ಆದರೆ ಇದನ್ನು ನಾನು ಮರೆತರೆ ಜ್ಞಾಪಿಸಲು ಲೋಕದಲ್ಲಿ ಇನ್ನೊಬ್ಬರಿಲ್ಲ.  ಅರ್ಧ ತಾಸು ಹಾಸಿಗೆಯ ಅಂಚಿನಲ್ಲಿ ಕೂತು ಒದ್ದಾಡಿದೆ. ಹೊಲ ಜ್ಞಾಪಿಸಿಕೊಂಡೆ, ಮುಳ್ಳು ಜ್ಞಾಪಿಸಿಕೊಂಡೆ, ಬಾಗಿದ ನಾಗಮ್ಮನ ಉಸಿರು ಕಿವಿಗೆ ತಾಕಿದ್ದನ್ನು ಜ್ಞಾಪಿಸಿಕೊಂಡೆ. ತಟ್ಟನೆ ಹೆಸರು ಬಂತು. ಮತ್ತೆ ಎಲ್ಲಿ ಹೋದೀತೋ ಎಂದು ಜೋರಾಗಿ ಕೂಗಿಯೇಬಿಟ್ಟೆ.

ಮಗಳು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿತ ನಿಂತಿತು.

"ಯಾರನ್ನ ಕರದಿ ಅಪ್ಪಾ?"

ಯಾರನ್ನೂ ಇಲ್ಲವ್ವಾ ಎನ್ನಬಹುದಿತ್ತು. ನನಗೆ ಅದು ಬಹಳ ಸುಲಭದ ಮಾತು. "ಇಲ್ಲಿ ಬಾ, ಕುಂದರು" ಎಂದೆ.

ಕೈತುಂಬ ಜೋಳದ ಹಿಟ್ಟು ಹಾಗೇ ಇತ್ತು, ಬಂದು ಹೊಸ್ತಿಲ ಮೇಲೆ ಕೂತಳು. ಎಲ್ಲ ಹೇಳಿದೆ. ಎಂಟು ದಿನ, ಕಿವಿ, ಬಿಚ್ಚದ ಮುಷ್ಟಿ, ಹೆಸರು. ಅವಳಿಗೂ ಈಗ ತಲೆ ನರೆತಿದೆ, ಮಕ್ಕಳು ದೊಡ್ಡವರಾಗಿದ್ದಾರೆ. ಬಾಯಲ್ಲೇ ಎರಡು ಸಲ ಆ ಹೆಸರನ್ನು ಅಂದುಕೊಂಡಳು. ಆಮೇಲೆ ತನ್ನ ಹಿಟ್ಟಿನ ಕೈಗಳನ್ನು ನೋಡುತ್ತ ಮೆಲ್ಲಗೆ ಅಂದಳು:

"ಹಂಗಾರ ನಾ ದೊಡ್ಡಾಕಿ ಅಲ್ಲ ಅಂದಂಗಾತು."

ಒಳಗೆ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.